ಭತ್ತ ಬೆಳೆಯದವರಿಗೆ ಭತ್ತದ ಚೆಕ್: ಟೆಕ್ಸಸ್‌ನ ವಾರ್ಟನ್ ಕೌಂಟಿಯ ಪ್ರಕರಣ

ಅಮೆರಿಕದ ಟೆಕ್ಸಸ್‌ನಲ್ಲಿ ಹ್ಯೂಸ್ಟನ್ ನಗರದಿಂದ ನೈಋತ್ಯಕ್ಕೆ ಸುಮಾರು 70 ಮೈಲಿ ಹೋದರೆ ಎಲ್ ಕ್ಯಾಂಪೊ ಎಂಬ ಊರು ಸಿಗುತ್ತದೆ. ವಾರ್ಟನ್ ಕೌಂಟಿಯಲ್ಲಿ ದೊಡ್ಡ ಊರು ಅಂದರೆ ಇದೇ. ಕೌಂಟಿಯನ್ನು ಸುಮಾರಾಗಿ ನಮ್ಮ ಜಿಲ್ಲೆ ಎನ್ನಬಹುದು. ಆದರೆ ಇಡೀ ಕೌಂಟಿಯ ಜನ ಸೇರಿಸಿದರೂ 41 ಸಾವಿರದ ಸುತ್ತಮುತ್ತ, ಅಂದರೆ ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು. ನೆಲ ಸಮತಟ್ಟು, ಮಣ್ಣು ಅಂಟು, ಕೌಂಟಿಯ ನಡುವೆಯೇ ಕೊಲರಾಡೊ ನದಿ ಹರಿಯುತ್ತದೆ. (ಇದು ಗ್ರ್ಯಾಂಡ್ ಕ್ಯಾನ್ಯನ್ ಕೊರೆದ ಕೊಲರಾಡೊ ಅಲ್ಲ. ಟೆಕ್ಸಸ್‌ನಲ್ಲೇ ಹುಟ್ಟಿ ಅಲ್ಲೇ ಸಮುದ್ರ ಸೇರುವ ಅದೇ ಹೆಸರಿನ ಇನ್ನೊಂದು ನದಿ.) ಭತ್ತಕ್ಕೆ ಹೇಳಿ ಮಾಡಿಸಿದ ಜಾಗ.

2006ರ ಜುಲೈನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಈ ಊರಿನಿಂದ ಶುರುಮಾಡಿ ಒಂದು ದೊಡ್ಡ ತನಿಖಾ ವರದಿ ಹಾಕಿತು. ಹಿಂದೆ ಗದ್ದೆಯಾಗಿದ್ದ ಜಾಗದಲ್ಲಿ ಮನೆ ಕಟ್ಟಿಕೊಂಡು ಇರುವವರಿಗೆ ಪ್ರತಿ ವರ್ಷ ಭತ್ತದ ಲೆಕ್ಕದಲ್ಲಿ ಸರ್ಕಾರದ ದುಡ್ಡು ಬರುತ್ತಿತ್ತು. ಅವರು ಒಂದು ಕಾಳು ಭತ್ತವನ್ನೂ ಬೆಳೆದವರಲ್ಲ. ಬೆಳೆಯುತ್ತೇವೆ ಎಂದು ಯಾರಿಗೂ ಹೇಳಿದವರೂ ಅಲ್ಲ. ಇಡೀ ದೇಶದಲ್ಲಿ ಹೀಗೆ ಬೇಸಾಯವನ್ನೇ ಮಾಡದವರ ಕೈಗೆ 2000ದಿಂದ ಈಚೆಗೆ ಕನಿಷ್ಠ 130 ಕೋಟಿ ಡಾಲರ್ ಹೋಗಿದೆ ಎಂದು ಪತ್ರಿಕೆ ಲೆಕ್ಕ ಕೊಟ್ಟಿತು.

ಇಂಥ ಸುದ್ದಿ ಓದಿದ ತಕ್ಷಣ ನಮ್ಮ ತಲೆ ಓಡುವುದು ಒಂದೇ ಕಡೆಗೆ. ಖೊಟ್ಟಿ ದಾಖಲೆ ಮಾಡಿರಬೇಕು, ಕಚೇರಿಯಲ್ಲಿ ಯಾರೋ ತಿಂದಿರಬೇಕು ಅಂತ. ಇಲ್ಲಿ ಹಾಗಿರಲಿಲ್ಲ. ಎಲ್ಲ ಕಾನೂನು ಪ್ರಕಾರವೇ ನಡೆದಿತ್ತು. ಈ ಪ್ರಕರಣ ನನಗೆ ಮುಖ್ಯ ಅನ್ನಿಸುವುದೂ ಅದಕ್ಕೇ. ಕಳ್ಳತನವಾಗಿದ್ದರೆ ಕಳ್ಳನನ್ನು ಹಿಡಿದರೆ ಮುಗಿಯುತ್ತಿತ್ತು.

ಬೇಸ್ ಎಕರೆ ಬಂದ ದಾರಿ

ಅಮೆರಿಕದ ಕೃಷಿ ಸಬ್ಸಿಡಿಯ ಮೂಲ 1933ರ ಕಾನೂನಿನಲ್ಲಿದೆ. ಆರ್ಥಿಕ ಕುಸಿತದ ಕಾಲ, ಬೆಳೆಗೆ ಬೆಲೆಯೇ ಇರಲಿಲ್ಲ. ಕಡಿಮೆ ಬೆಳೆಯಿರಿ, ಅದಕ್ಕೆ ನಾವು ದುಡ್ಡು ಕೊಡುತ್ತೇವೆ ಎಂದಿತು ಸರ್ಕಾರ. 1970ರ ದಶಕದ ಹೊತ್ತಿಗೆ ಇದು ಬೇರೆ ರೂಪ ಪಡೆಯಿತು. ಸರ್ಕಾರ ಒಂದು ಗುರಿ ಬೆಲೆ ಘೋಷಿಸುತ್ತಿತ್ತು, ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗಿಳಿದರೆ ನಡುವಿನ ವ್ಯತ್ಯಾಸವನ್ನು ರೈತನಿಗೆ ತುಂಬಿಕೊಡುತ್ತಿತ್ತು. ಆದರೆ ಪ್ರತಿಯೊಂದು ಜಮೀನಿಗೂ ಇಷ್ಟು ಎಕರೆ ಭತ್ತ, ಇಷ್ಟು ಎಕರೆ ಗೋಧಿ ಅಂತ ಒಂದು ಲೆಕ್ಕ ಕಟ್ಟಿಟ್ಟಿದ್ದರು. ಇದೇ ‘ಬೇಸ್ ಎಕರೆ’. ಆ ಲೆಕ್ಕದ ಬೆಳೆಯನ್ನೇ ಬೆಳೆದರೆ ದುಡ್ಡು. ಬೆಳೆ ಬದಲಾಯಿಸಿದರೆ ಆ ವರ್ಷದ ದುಡ್ಡೂ ಹೋಯಿತು, ಮುಂದಿನ ಲೆಕ್ಕವೂ ಕರಗುತ್ತಾ ಹೋಯಿತು. ಜೊತೆಗೆ ಒಂದಿಷ್ಟು ನೆಲವನ್ನು ಬೀಳು ಬಿಡಬೇಕಿತ್ತು.

ಹೀಗಾಗಿ ರೈತ ಗದ್ದೆ ನೋಡಿ ಬೆಳೆ ಇಡುತ್ತಿರಲಿಲ್ಲ, ಕಚೇರಿಯ ಕಾಗದ ನೋಡಿ ಇಡುತ್ತಿದ್ದ. ಬೆಲೆ ಬಿದ್ದರೂ ಅದೇ ಬೆಳೆ, ಗೋದಾಮು ತುಂಬಿದ್ದರೂ ಅದೇ ಬೆಳೆ.

ಈ ಕಟ್ಟು ಬಿಚ್ಚಿದ್ದು 1996ರ ಕೃಷಿ ಕಾನೂನು. ಆಗ ಪ್ರತಿನಿಧಿ ಸಭೆಯ ಕೃಷಿ ಸಮಿತಿಗೆ ಕ್ಯಾನ್ಸಸ್‌ನ ಪ್ಯಾಟ್ ರಾಬರ್ಟ್ಸ್ ಅಧ್ಯಕ್ಷರು. ಕ್ಲಿಂಟನ್ ಅದಕ್ಕೆ ಏಪ್ರಿಲ್‌ನಲ್ಲಿ ಸಹಿ ಹಾಕಿದರು. ಇನ್ನು ಮೇಲೆ ಏನು ಬೇಕಾದರೂ ಬೆಳೆಯಿರಿ, ಬೇಡವಾದರೆ ಏನೂ ಬೆಳೆಯಬೇಡಿ. ನಿಮ್ಮ ಜಮೀನಿನ ಹಳೇ ಲೆಕ್ಕ ನೋಡಿ ಏಳು ವರ್ಷ ವರ್ಷಕ್ಕಿಷ್ಟು ಅಂತ ಕೊಡುತ್ತೇವೆ. ಅದು ಕಡಿಮೆಯಾಗುತ್ತಾ ಹೋಗುತ್ತದೆ, ಆಮೇಲೆ ನಿಮ್ಮ ಕಾಲ ಮೇಲೆ ನೀವು ನಿಲ್ಲಿ. ಒಪ್ಪಂದದ ಒಟ್ಟು ಮೊತ್ತ ಸುಮಾರು 3,600 ಕೋಟಿ ಡಾಲರ್.

ಇದು ಬುದ್ಧಿಗೇಡಿ ಯೋಚನೆ ಆಗಿರಲಿಲ್ಲ. ಬೆಳೆಗೆ ದುಡ್ಡು ಕೊಟ್ಟರೆ ಬೇಡದ ಬೆಳೆ ಜಾಸ್ತಿಯಾಗುತ್ತದೆ, ಬೆಲೆ ಇನ್ನೂ ಬೀಳುತ್ತದೆ, ಅದನ್ನು ಎತ್ತಲು ಮತ್ತೆ ದುಡ್ಡು ಬೇಕಾಗುತ್ತದೆ. ಈ ಸುತ್ತನ್ನು ಮುರಿಯಬೇಕಾದರೆ ದುಡ್ಡನ್ನು ಬೆಳೆಯಿಂದ ಬಿಡಿಸಬೇಕು. ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಇದನ್ನೇ ಹೇಳುತ್ತಿದ್ದರು. 1995ರಲ್ಲಿ ಶುರುವಾದ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಿಗೂ ಇಂಥ ಪಾವತಿಯೇ ಹೊಂದುತ್ತಿತ್ತು.

ಆದರೆ 1998ರಿಂದ ಬೆಲೆಗಳು ಕುಸಿದವು. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ತಡೆದುಕೊಳ್ಳಲಿಲ್ಲ. ಅದೇ ಹಳೇ ಲೆಕ್ಕದ ಮೇಲೆ ತುರ್ತು ಪರಿಹಾರ ಸುರಿಯಿತು. 1999 ಮತ್ತು 2000ದಲ್ಲಿ ಚೆಕ್ ದುಪ್ಪಟ್ಟಾಯಿತು. 2002ರಲ್ಲಿ ನಿಲ್ಲಬೇಕಿದ್ದ ಪಾವತಿಗೆ ಅದೇ ವರ್ಷ ಹೊಸ ಕಾನೂನು ‘ನೇರ ಪಾವತಿ’ ಎಂಬ ಹೆಸರಿಟ್ಟು ಮುಂದುವರಿಸಿತು. ಬುಷ್ ಸಹಿ ಹಾಕಿದರು. ವರ್ಷಕ್ಕೆ ಸುಮಾರು 500 ಕೋಟಿ ಡಾಲರ್ ಖರ್ಚು. ಬೆಲೆ ಏರಲಿ, ಇಳಿಯಲಿ, ಬಿತ್ತಲಿ, ಬಿಡಲಿ, ಚೆಕ್ ಮಾತ್ರ ತಪ್ಪದೆ ಬರುತ್ತಿತ್ತು. ತಾತ್ಕಾಲಿಕ ಎಂದು ಶುರುವಾದ ಸರ್ಕಾರಿ ದುಡ್ಡು ಎಲ್ಲೇ ಆಗಲಿ ಸುಲಭಕ್ಕೆ ನಿಲ್ಲುವುದಿಲ್ಲ ಬಿಡಿ.

ಒಂದು ಎಕರೆಗೆ ಎಷ್ಟು?

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಅದಿಲ್ಲದೆ ಎಲ್ ಕ್ಯಾಂಪೊ ಯಾಕೆ ಸುದ್ದಿಗೆ ಬಂತು, ಕ್ಯಾನ್ಸಸ್‌ನ ಯಾವುದೋ ಗೋಧಿ ಊರು ಯಾಕೆ ಬರಲಿಲ್ಲ ಎನ್ನುವುದು ಗೊತ್ತಾಗುವುದಿಲ್ಲ.

ಕೌಂಟಿಯ ಕೃಷಿ ಸೇವಾ ಕಚೇರಿಯಲ್ಲಿ ಪ್ರತಿ ಜಮೀನಿಗೂ ಒಂದು ನಂಬರ್ ಇರುತ್ತದೆ. ಎಫ್‌ಎಸ್‌ಎ-156 ಇಝಡ್ ಅನ್ನುವ ಒಂದು ಹಾಳೆಯಲ್ಲಿ ಆ ಜಮೀನಿನ ಜಾತಕ ಇರುತ್ತದೆ: ಉಳುವ ನೆಲ ಎಷ್ಟು, ಯಾವ ಬೆಳೆಗೆ ಎಷ್ಟು ‘ಬೇಸ್ ಎಕರೆ’, ಲೆಕ್ಕಕ್ಕೆ ಹಿಡಿಯುವ ಇಳುವರಿ ಎಷ್ಟು. ಬೇಸ್ ಎಕರೆ ಹಿಂದಿನ ವರ್ಷಗಳ ಬೆಳೆಯಿಂದ ಬಂದದ್ದು. ಈ ವರ್ಷ ಗದ್ದೆಯಲ್ಲಿ ಏನಿದೆ ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಳುವರಿ ಇನ್ನೂ ಹಳೆಯದು, 1980ರ ದಶಕದಲ್ಲೇ ಗಟ್ಟಿಯಾಗಿ ನಿಂತುಬಿಟ್ಟ ಅಂಕಿ.

2002ರ ಕಾನೂನಿನಲ್ಲಿ ಭತ್ತದ ದರ ಒಂದು ಹಂಡ್ರೆಡ್‌ವೇಟ್‌ಗೆ, ಅಂದರೆ 100 ಪೌಂಡ್ ಅಥವಾ ಸುಮಾರು 45 ಕಿಲೋಗೆ, 2.35 ಡಾಲರ್. ಬೇಸ್ ಎಕರೆಯ ಶೇಕಡ 85ಕ್ಕೆ ಮಾತ್ರ ಪಾವತಿ. ಲೆಕ್ಕದ ಇಳುವರಿ ಎಕರೆಗೆ 48 ಹಂಡ್ರೆಡ್‌ವೇಟ್, ಅಂದರೆ ಸುಮಾರು 22 ಕ್ವಿಂಟಲ್ ಅಂತ ಇಟ್ಟುಕೊಳ್ಳೋಣ. ಹತ್ತು ಬೇಸ್ ಎಕರೆ ಇದ್ದರೆ ಎಂಟೂವರೆ ಎಕರೆಗೆ ಪಾವತಿ, 408 ಹಂಡ್ರೆಡ್‌ವೇಟ್, ಒಟ್ಟು 958 ಡಾಲರ್ ಚಿಲ್ಲರೆ. ಎಕರೆಗೆ ಸುಮಾರು 96 ಡಾಲರ್ ಆಯಿತು.

ಇದೇ ರೀತಿ ಲೆಕ್ಕ ಹಾಕಿದರೆ ಗೋಧಿಗೆ ಎಕರೆಗೆ ಸಿಗುತ್ತಿದ್ದದ್ದು ಸುಮಾರು 15 ಡಾಲರ್. ಮೆಕ್ಕೆಜೋಳಕ್ಕೆ 24, ಹತ್ತಿಗೆ 34. ಭತ್ತದ ಬೇಸ್ ಇದ್ದ ನೆಲದ ಬೆಲೆಯೇ ಬೇರೆ. ಗೋಧಿ ಸೀಮೆಯಲ್ಲಿ ಹತ್ತು ಎಕರೆ ಕೊಂಡು ಮನೆ ಕಟ್ಟಿದವನಿಗೆ ವರ್ಷಕ್ಕೆ 150 ಡಾಲರ್ ಬಂದರೆ ಯಾರೂ ಗಮನಿಸುವುದಿಲ್ಲ. ವಾರ್ಟನ್‌ನಲ್ಲಿ ಸಾವಿರ ಡಾಲರ್ ಹತ್ತಿರ ಬಂದರೆ ಮನೆ ಮಾರುವವರೂ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಕೊಳ್ಳುವವರೂ ಹಿಡಿಯುತ್ತಾರೆ.

ಹಾಗೇ ಆಯಿತು. ಹ್ಯೂಸ್ಟನ್ ಬೆಳೆಯುತ್ತಿತ್ತು. ಹೆದ್ದಾರಿ ಹತ್ತಿದರೆ ಎಲ್ ಕ್ಯಾಂಪೊ ದೂರವೇನಲ್ಲ. ಹಳೇ ಗದ್ದೆಗಳನ್ನು ತುಂಡು ಮಾಡಿ, ಒಂದು ಮನೆ, ಸುತ್ತ ಒಂದಿಷ್ಟು ಎಕರೆ ಹುಲ್ಲು, ನಾಲ್ಕು ದನ ಅಥವಾ ಒಂದು ಕುದುರೆ ಕಟ್ಟುವಷ್ಟು ಜಾಗ ಎನ್ನುವ ಲೆಕ್ಕದಲ್ಲಿ ಮಾರಿದರು. ಅಲ್ಲಿನವರು ಇದಕ್ಕೆ ‘ಕೌಬಾಯ್ ಸ್ಟಾರ್ಟರ್ ಕಿಟ್’ ಎನ್ನುತ್ತಿದ್ದರು. ನೆಲದ ಜೊತೆ ಬೇಸ್ ಎಕರೆಯೂ ಹೊಸ ಮಾಲೀಕನ ಹೆಸರಿಗೆ ಹೋಗುತ್ತಿತ್ತು. ಕಳೆ ಬೆಳೆದು ಕಾಡಾಗದಂತೆ ನೋಡಿಕೊಳ್ಳಬೇಕು, ಹಣ್ಣು ತರಕಾರಿ ಬೆಳೆಯಬಾರದು. ಇಷ್ಟು ಪಾಲಿಸಿದರೆ ಚೆಕ್ ಬರುತ್ತದೆ.

ಹಣ್ಣು ತರಕಾರಿ ಯಾಕೆ ಬೇಡ? ಸರ್ಕಾರದ ದುಡ್ಡು ಇಲ್ಲದೇ ಬೆಳೆಯುತ್ತಿದ್ದ ಕ್ಯಾಲಿಫೋರ್ನಿಯಾ, ಫ್ಲಾರಿಡಾ ಕಡೆಯ ತೋಟದವರು, ಸಬ್ಸಿಡಿ ಪಡೆದವರು ತಮ್ಮ ಪೈಪೋಟಿಗೆ ಬರಬಾರದು ಎಂದು ಹಟ ಹಿಡಿದಿದ್ದರು. ಈ ಒಂದು ಷರತ್ತೇ ಆಮೇಲೆ ಅಮೆರಿಕಕ್ಕೆ ಮುಳುವಾಯಿತು. ಹತ್ತಿ ಸಬ್ಸಿಡಿ ವಿರುದ್ಧ ಬ್ರೆಜಿಲ್ ಹೂಡಿದ ವ್ಯಾಜ್ಯದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ 2005ರಲ್ಲಿ ಅಂತಿಮ ತೀರ್ಪು ಕೊಟ್ಟಿತು. ಏನು ಬೆಳೆಯಬಾರದು ಎಂದು ಹೇಳುವ ಪಾವತಿಯನ್ನು ಬೆಳೆಯಿಂದ ಪೂರ್ತಿ ಬಿಡಿಸಿದ ಪಾವತಿ ಎನ್ನಲಾಗದು ಎಂದಿತು.

ಗೇಣಿದಾರ ಎಲ್ಲಿ ಹೋದ?

ಪತ್ರಿಕೆಗಳಲ್ಲಿ ಜಾಸ್ತಿ ಓಡಿದ್ದು ಮನೆ ಕಟ್ಟಿಕೊಂಡವರ ಕಥೆ. ಅದು ಓದಲು ಮಜಾ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗೇಣಿದಾರನ ಕಥೆ.

ಟೆಕ್ಸಸ್‌ನ ಭತ್ತದ ಸೀಮೆಯಲ್ಲಿ ಭತ್ತ ಬೆಳೆಯುವವರಲ್ಲಿ ಎಷ್ಟೋ ಜನ ಬೇರೆಯವರ ನೆಲ ಗೇಣಿಗೆ ಹಿಡಿದವರು. ನೆಲದ ಮಾಲೀಕರು ಹ್ಯೂಸ್ಟನ್‌ನಲ್ಲೋ ಇನ್ನೆಲ್ಲೋ ಇರುತ್ತಾರೆ. ಅಜ್ಜನ ಕಾಲದ ಜಮೀನು, ಮೊಮ್ಮಕ್ಕಳು ಊರು ಬಿಟ್ಟು ವರ್ಷಗಳಾಗಿರುತ್ತವೆ. ಒಂದೇ ನೆಲದಲ್ಲಿ ಪ್ರತಿ ವರ್ಷ ಭತ್ತ ಹಾಕುವುದಿಲ್ಲ. ಹಾಕಿದರೆ ಕಾಡು ಭತ್ತದ ಕಳೆ ತುಂಬಿಕೊಳ್ಳುತ್ತದೆ. ಅದಕ್ಕೆ ಒಂದು ವರ್ಷ ಭತ್ತ, ಆಮೇಲೆ ಒಂದೆರಡು ವರ್ಷ ದನ ಮೇಯಿಸುವುದು ಅಲ್ಲಿನ ಪದ್ಧತಿ. ಭತ್ತ ಹಾಕಿದ ವರ್ಷ ಬೇಸಿಗೆಯಲ್ಲಿ ಮೊದಲ ಕೊಯ್ಲು, ಆಮೇಲೆ ನೀರು ಕಟ್ಟಿ ಅದೇ ಬುಡದಿಂದ ಕೂಳೆ ಬೆಳೆ. ನಮ್ಮಲ್ಲಿ ಕಬ್ಬಿಗೆ ಕೂಳೆ ಬಿಡುವುದು ಗೊತ್ತಲ್ವಾ, ಅಲ್ಲಿ ಭತ್ತಕ್ಕೇ ಬಿಡುತ್ತಾರೆ. ಭತ್ತ ಬೆಳೆಯುವ ಪಕ್ಕದ ರಾಜ್ಯ ಅರ್ಕಾನ್ಸಾದವರಿಗೆ ಇಲ್ಲದ ಅನುಕೂಲ ಇದು.

ಆದರೂ ಟೆಕ್ಸಸ್ ಭತ್ತಕ್ಕೆ ಖರ್ಚು ಜಾಸ್ತಿ. ನೀರಿಗೆ ದುಡ್ಡು, ಡೀಸೆಲ್‌ಗೆ ದುಡ್ಡು, ವಿಮಾನದಿಂದ ಗೊಬ್ಬರ, ಔಷಧಿ ಹಾಕಿಸಲು ದುಡ್ಡು. ಬೆಲೆ ಬಿದ್ದ ವರ್ಷಗಳಲ್ಲಿ ಭತ್ತದಿಂದ ಉಳಿಯುವುದು ಅಷ್ಟಕ್ಕಷ್ಟೆ. ಹಳೇ ಪದ್ಧತಿಯಲ್ಲಿ ಬೆಳೆದರೆ ಮಾತ್ರ ಸರ್ಕಾರದ ದುಡ್ಡು ಎಂದಿದ್ದಾಗ ಮಾಲೀಕನಿಗೆ ಬೆಳೆಯುವವನು ಬೇಕೇ ಬೇಕಿತ್ತು. 1996ರ ನಂತರ ಬೇಡವಾದ.

ಒಂದು ಉದಾಹರಣೆ ಹಾಕಿ ನೋಡಿ. 200 ಎಕರೆ ಭತ್ತದ ಬೇಸ್ ಇರುವ ನೆಲ. ಮೇಲಿನ ದರದಲ್ಲಿ ವರ್ಷಕ್ಕೆ 19 ಸಾವಿರ ಡಾಲರ್ ಬರುತ್ತದೆ. ಪಾಲಿನ ಗೇಣಿ ಇದ್ದರೆ ಈ ದುಡ್ಡನ್ನು ಮಾಲೀಕ, ಗೇಣಿದಾರ ಇಬ್ಬರೂ ಹಂಚಿಕೊಳ್ಳಬೇಕು. ನಗದು ಗೇಣಿ ಇದ್ದರೆ ಚೆಕ್ ಗೇಣಿದಾರನ ಹೆಸರಿಗೆ ಬರಬೇಕು. ಕಾನೂನಿನಲ್ಲಿ ಹಾಗೇ ಬರೆದಿದೆ. ಆದರೆ ಮಾಲೀಕನ ಮುಂದೆ ಇನ್ನೆರಡು ದಾರಿಗಳಿವೆ. ಒಂದು, ಚೆಕ್ಕಿನಷ್ಟೇ ಗೇಣಿ ಏರಿಸುವುದು. ಇನ್ನೊಂದು, ಗೇಣಿ ಕರಾರನ್ನೇ ಬಿಟ್ಟು, ನೆಲಕ್ಕೆ ಹುಲ್ಲು ಬಿಟ್ಟು, ನಾಲ್ಕು ದನ ಮೇಯಿಸಿ, 19 ಸಾವಿರವನ್ನೂ ತಾನೇ ಇಟ್ಟುಕೊಳ್ಳುವುದು. ಎರಡನೇ ದಾರಿಯಲ್ಲಿ ನೀರಿನ ಬಿಲ್ ಇಲ್ಲ, ಬೆಳೆ ಹಾಳಾಗುವ ಭಯ ಇಲ್ಲ, ಗೇಣಿದಾರನ ಫೋನ್ ಕೂಡ ಇಲ್ಲ.

ಮಾಲೀಕನನ್ನು ಬೈದು ಪ್ರಯೋಜನವಿಲ್ಲ. ಆ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವೇನೋ. ಆದರೆ ಭತ್ತ ಅಂದರೆ ಬರೀ ಗದ್ದೆಯಲ್ಲ. ಅದರ ಹಿಂದೆ ಭತ್ತ ಒಣಗಿಸುವ ಡ್ರೈಯರ್‌ಗಳಿವೆ, ಗೋದಾಮುಗಳಿವೆ, ಮಿಲ್ಲುಗಳಿವೆ, ಟ್ರ್ಯಾಕ್ಟರ್ ಡೀಲರ್ ಇದ್ದಾನೆ, ಔಷಧಿ ಸಿಂಪಡಿಸುವ ವಿಮಾನದ ಪೈಲಟ್ ಇದ್ದಾನೆ. ನಾಲೆಯ ಖರ್ಚನ್ನು ಹೊರುವುದಕ್ಕೆ ಇಂತಿಷ್ಟು ಎಕರೆ ಬೇಕೇ ಬೇಕು. ಎಕರೆ ಕಡಿಮೆಯಾದಂತೆ ಉಳಿದವರ ತಲೆ ಮೇಲೆ ಭಾರ ಜಾಸ್ತಿಯಾಗುತ್ತದೆ. ಇವರಲ್ಲಿ ಒಬ್ಬರಿಗೂ ಬೇಸ್ ಎಕರೆ ಇಲ್ಲ, ಚೆಕ್ ಬರುವುದಿಲ್ಲ.

ಟೆಕ್ಸಸ್‌ನಲ್ಲಿ 1950ರ ದಶಕದ ಮಧ್ಯದಲ್ಲಿ 6 ಲಕ್ಷ ಎಕರೆ ಸುತ್ತ ಭತ್ತ ಇತ್ತು. 2006ರ ಹೊತ್ತಿಗೆ ಅದು 2 ಲಕ್ಷ ಎಕರೆಗೂ ಕೆಳಗೆ ಇಳಿದಿತ್ತು. ಇದಕ್ಕೆಲ್ಲ ನೇರ ಪಾವತಿಯೇ ಕಾರಣ ಎಂದರೆ ಅನ್ಯಾಯ. ನಗರ ಬೆಳೆಯಿತು, ನೀರು ದುಬಾರಿಯಾಯಿತು, ಅರ್ಕಾನ್ಸಾದಲ್ಲಿ ಅಗ್ಗಕ್ಕೆ ಭತ್ತ ಬಂತು, ಇಳಿಕೆ 1980ರ ದಶಕದಲ್ಲೇ ಜೋರಾಗಿತ್ತು. ಕಷ್ಟಪಟ್ಟು ನಷ್ಟಕ್ಕೆ ಭತ್ತ ಬೆಳೆಯುವುದಕ್ಕಿಂತ ದನ ಮೇಯಿಸುವುದು ಆ ನೆಲಕ್ಕೆ ಸರಿಯಾದ ಬಳಕೆಯೇ ಇರಬಹುದು. ಆ ಮಟ್ಟಿಗೆ 1996ರ ಕಾನೂನು ಅಂದುಕೊಂಡಿದ್ದನ್ನೇ ಮಾಡಿತು. ನನ್ನ ತಕರಾರು ಬೇರೆ. ದುಡ್ಡನ್ನು ಬೆಳೆಯಿಂದ ಬಿಡಿಸುವಾಗ ಬೆಳೆಯುವವನಿಂದಲೂ ಬಿಡಿಸಿಬಿಟ್ಟರು. ಭತ್ತ ಬಿಟ್ಟು ಬೇರೆ ಕಸುಬಿಗೆ ಹೋಗಲು ಆಸರೆ ಬೇಕಿದ್ದದ್ದು ಗೇಣಿದಾರನಿಗೆ. ಆ ಆಸರೆಯನ್ನು ನೆಲದ ಪತ್ರಕ್ಕೆ ಅಂಟಿಸಿದರು.

ಇದೆಲ್ಲ ಊರವರ ಕಣ್ಣೆದುರೇ ನಡೆಯಿತು ಎನ್ನುವುದನ್ನೂ ಹೇಳಬೇಕು. ಕೌಂಟಿ ಕಚೇರಿಯ ಮೇಲೆ ರೈತರೇ ಆರಿಸಿದ ಒಂದು ಸಮಿತಿ ಇರುತ್ತದೆ. 1930ರ ದಶಕದಿಂದ ನಡೆದುಬಂದ ಪದ್ಧತಿ. ಮೂರು ವರ್ಷದ ಅವಧಿ. ಯಾರ ನೆಲದಲ್ಲಿ ಏನಿದೆ ಎಂದು ಸಮಿತಿಯವರಿಗೆ ಚೆನ್ನಾಗಿ ಗೊತ್ತು. ಆದರೆ ಬೇಸ್ ಇದೆ, ಕಳೆ ತೆಗೆಸಿದ್ದಾರೆ, ಅರ್ಜಿ ಸರಿಯಿದೆ ಎಂದ ಮೇಲೆ ತಡೆಯಲು ಅವರಿಗೆ ಅಧಿಕಾರವೇ ಇರಲಿಲ್ಲ.

ದೊಡ್ಡ ಹಿಡುವಳಿಯವರ ಬಗ್ಗೆ ಒಂದು ಮಾತು. ನೇರ ಪಾವತಿಗೆ ಒಬ್ಬರಿಗೆ 40 ಸಾವಿರ ಡಾಲರ್ ಮಿತಿ ಇತ್ತು. ಭತ್ತದ ದರದಲ್ಲಿ ಸುಮಾರು 417 ಬೇಸ್ ಎಕರೆಗೆ ಮಿತಿ ಮುಟ್ಟುತ್ತದೆ. ಅದಕ್ಕೆ ಇನ್ನೆರಡು ಕಂಪನಿಗಳಲ್ಲಿ ಅರ್ಧರ್ಧ ಪಾಲು ಇಟ್ಟು ಮಿತಿಯನ್ನು ದುಪ್ಪಟ್ಟು ಮಾಡಿಕೊಳ್ಳುವ ಅವಕಾಶವನ್ನು ಕಾನೂನೇ ಕೊಟ್ಟಿತ್ತು. 2008ರಲ್ಲಿ ಅದನ್ನು ತೆಗೆದರು.

ತೂತು ಮುಚ್ಚುವ ಕೆಲಸ

ಪತ್ರಿಕೆಯ ವರದಿ ಆಕಾಶದಿಂದ ಬಿದ್ದದ್ದಲ್ಲ. ಯಾರಿಗೆ ಎಷ್ಟು ಸಬ್ಸಿಡಿ ಎನ್ನುವ ಪಟ್ಟಿಯನ್ನು ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ 2001ರಲ್ಲೇ ಜನರ ಮುಂದೆ ಇಟ್ಟಿತ್ತು. ಹೆಸರು ಹೊಡೆದರೆ ಪಕ್ಕದ ಮನೆಯವನಿಗೆ ಎಷ್ಟು ಬಂತು ಅಂತ ನೋಡಬಹುದಿತ್ತು. 2007ರಲ್ಲಿ ಸರ್ಕಾರದ್ದೇ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಇನ್ನೊಂದು ವರದಿ ಕೊಟ್ಟಿತು. 1999ರಿಂದ 2005ರವರೆಗೆ ತೀರಿಹೋದ 1.7 ಲಕ್ಷಕ್ಕೂ ಜಾಸ್ತಿ ಜನರ ಲೆಕ್ಕದಲ್ಲಿ 110 ಕೋಟಿ ಡಾಲರ್ ಪಾವತಿಯಾಗಿದೆ ಎಂದು. ಅದರಲ್ಲಿ ಎಲ್ಲವೂ ತಪ್ಪು ಪಾವತಿಯಲ್ಲ. ಆಸ್ತಿ ಭಾಗವಾಗುವವರೆಗೆ ಸ್ವಲ್ಪ ಕಾಲ ಕೊಡಲು ನಿಯಮದಲ್ಲೇ ಜಾಗವಿತ್ತು. ಆದರೆ ಆ ಕಾಲ ಮುಗಿದ ಮೇಲೂ ಸರಿಯಾಗಿ ಪರೀಕ್ಷೆ ಮಾಡದೆ ಚೆಕ್ ಹೋಗುತ್ತಲೇ ಇತ್ತು.

2008ರ ಕೃಷಿ ಕಾನೂನಿನಲ್ಲಿ ಎರಡು ತೇಪೆ ಬಿದ್ದವು. ಹತ್ತು ಅಥವಾ ಅದಕ್ಕಿಂತ ಕಡಿಮೆ ಬೇಸ್ ಎಕರೆ ಇದ್ದರೆ ಪಾವತಿ ಇಲ್ಲ. ನೆಲವನ್ನು ತುಂಡು ಮಾಡಿ ಬಡಾವಣೆ ಮಾಡಿದರೆ ಆ ಬೇಸ್ ರದ್ದು. ಎಲ್ ಕ್ಯಾಂಪೊದ ಮನೆಗಳನ್ನೇ ನೋಡಿ ಬರೆದ ಹಾಗಿದೆ. ಮೊದಲನೆಯದರಿಂದ ನಿಜವಾದ ಸಣ್ಣ ರೈತರಿಗೂ ಪೆಟ್ಟು ಬೀಳುತ್ತದೆ ಎಂದು ತೀರಾ ಬಡ ರೈತರಿಗೂ, ತಾರತಮ್ಯಕ್ಕೆ ಒಳಗಾದ ಸಮುದಾಯಗಳ ರೈತರಿಗೂ ವಿನಾಯಿತಿ ಇಟ್ಟರು. ಇದೇ ಹತ್ತು ಎಕರೆಯ ನಿಯಮ ಕರ್ನಾಟಕದಲ್ಲಿ ತಂದರೆ ಏನಾಗಬಹುದು ಯೋಚಿಸಿ. ನಮ್ಮ ಸರಾಸರಿ ಹಿಡುವಳಿಯೇ 2015-16ರ ಕೃಷಿ ಗಣತಿಯಲ್ಲಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಯೂ ಇಲ್ಲ.

ಆದರೆ 200 ಎಕರೆಗೆ ಹುಲ್ಲು ಬಿಟ್ಟ ಮಾಲೀಕ ಈ ಎರಡು ತೇಪೆಗೂ ಸಿಗಲಿಲ್ಲ.

ಅಷ್ಟರಲ್ಲಿ ನೀರು ಕೈಕೊಟ್ಟಿತು. 2011 ಟೆಕ್ಸಸ್‌ಗೆ ಭಾರೀ ಬರದ ವರ್ಷ. ವಾರ್ಟನ್‌ನ ಗದ್ದೆಗಳಿಗೆ ನೀರು ಬರುವುದು ಆಸ್ಟಿನ್ ನಗರದ ಮೇಲ್ಭಾಗದ ಬ್ಯುಕ್ಯಾನನ್, ಟ್ರಾವಿಸ್ ಜಲಾಶಯಗಳಿಂದ. ಅದನ್ನು ನೋಡಿಕೊಳ್ಳುವುದು ಲೋಯರ್ ಕೊಲರಾಡೊ ನದಿ ಪ್ರಾಧಿಕಾರ. 2012ರ ಮಾರ್ಚ್ 1ರ ಹೊತ್ತಿಗೆ ಎರಡರಲ್ಲೂ ಸೇರಿ 8.5 ಲಕ್ಷ ಎಕರೆ-ಅಡಿ ನೀರು ಇರಬೇಕು, ಇಲ್ಲದಿದ್ದರೆ ನಾಲೆಗೆ ಬಿಡುವುದಿಲ್ಲ ಎಂದು ನಿಗದಿಯಾಗಿತ್ತು. ನಮ್ಮ ಲೆಕ್ಕದಲ್ಲಿ ಅದು ಸುಮಾರು 37 ಟಿಎಂಸಿ. ಅಂದು ನೀರು ಕೂದಲೆಳೆಯಷ್ಟು ಕಡಿಮೆ ಇತ್ತು. ವಾರ್ಟನ್, ಮ್ಯಾಟಗೋರ್ಡಾ, ಕೊಲರಾಡೊ ಕೌಂಟಿಗಳ ಬಹುತೇಕ ಭತ್ತದವರಿಗೆ ನಾಲೆ ಬಂದ್. ಪ್ರಾಧಿಕಾರ ಹುಟ್ಟಿದ ಮೇಲೆ ಹಾಗಾಗಿದ್ದು ಅದೇ ಮೊದಲು. ಮುಂದಿನ ಎರಡು ವರ್ಷವೂ ಅದೇ ಕಥೆ. ತುಂಬ ಹಳೇ ಹಕ್ಕಿದ್ದ ಗಾರ್ವುಡ್ ನಾಲೆಯವರಿಗೆ ಮಾತ್ರ ನೀರು ಸಿಕ್ಕಿತು. ಜಲಾಶಯದಲ್ಲಿ ನೀರಿಲ್ಲದಾಗ ಮೇಲಿನ ನಗರಕ್ಕೋ ಕೆಳಗಿನ ಗದ್ದೆಗೋ ಎಂಬ ಜಗಳವನ್ನು ಕಾವೇರಿ ನೋಡಿದ ನಮಗೆ ಬಿಡಿಸಿ ಹೇಳಬೇಕಿಲ್ಲ.

ಆ ಬರದಲ್ಲಿ ನೇರ ಪಾವತಿಯ ಒಳ್ಳೆಯ ಮುಖವೂ ಕಂಡಿತು. ಬೆಳೆ ಇಲ್ಲದಿದ್ದರೂ ಚೆಕ್ ಬಂತು. ಸ್ವಂತ ನೆಲದಲ್ಲಿ ಭತ್ತ ಬೆಳೆಯುತ್ತಿದ್ದವನಿಗೆ ಅದು ನಿಜಕ್ಕೂ ಆಸರೆ. ಗೇಣಿದಾರನಿಗೆ ಬೆಳೆ ವಿಮೆಯಿಂದ ಏನಾದರೂ ಸಿಕ್ಕಿದ್ದರೆ ಸಿಕ್ಕಿತು. ಡ್ರೈಯರ್‌ನವನಿಗೆ, ಪೈಲಟ್‌ಗೆ ಏನೂ ಇಲ್ಲ.

ಆದರೆ ಅದೇ 2012ರಲ್ಲಿ ಮೆಕ್ಕೆಜೋಳದ ಬೆಲೆ ದಾಖಲೆ ಮುಟ್ಟಿತ್ತು. ಆದಾಯ ಚೆನ್ನಾಗಿದ್ದವರಿಗೂ ಚೆಕ್ ಹೋಗುತ್ತಿತ್ತು. ಜಿಎಒ ಆ ವರ್ಷ ಮತ್ತೊಂದು ಲೆಕ್ಕ ಮುಂದಿಟ್ಟಿತು. 2003ರಿಂದ 2011ರವರೆಗೆ ಕೊಟ್ಟ 4,600 ಕೋಟಿ ಡಾಲರ್‌ನಲ್ಲಿ 1,060 ಕೋಟಿ ಹೋದದ್ದು ಆ ಬೇಸ್‌ನ ಬೆಳೆಯನ್ನು ಆ ವರ್ಷ ಬೆಳೆಯದವರಿಗೆ. ಹೆಚ್ಚು ಕಡಿಮೆ ಕಾಲು ಭಾಗ. ಅವರಲ್ಲಿ ಬಹಳ ಜನ ಬೇರೆ ಏನನ್ನಾದರೂ ಬೆಳೆದಿರುತ್ತಾರೆ, ಅದಕ್ಕೆ ಅವಕಾಶವೂ ಇತ್ತು. ಹಿಂದಿನ ಐದು ವರ್ಷ ಏನನ್ನೂ ಬಿತ್ತದೆ ಪೂರ್ತಿ ಬೀಳು ಬಿಟ್ಟ ಜಮೀನುಗಳು ಸುಮಾರು 2,300. ನೇರ ಪಾವತಿಗೆ ಇನ್ನು ಉಳಿಗಾಲವಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಾಯಿತು. 2014ರ ಫೆಬ್ರವರಿಯಲ್ಲಿ ಒಬಾಮಾ ಸಹಿ ಹಾಕಿದ ಕಾನೂನು ಅದನ್ನು ನಿಲ್ಲಿಸಿತು.

ಬೇಸ್ ಎಕರೆ ಮಾತ್ರ ಹೋಗಲಿಲ್ಲ. ಹೊಸ ಪದ್ಧತಿಯಲ್ಲಿ ಒಂದು ಆಧಾರ ಬೆಲೆ ಇರುತ್ತದೆ, ಆಗ ಭತ್ತಕ್ಕೆ ಹಂಡ್ರೆಡ್‌ವೇಟ್‌ಗೆ 14 ಡಾಲರ್ ಇತ್ತು. ಮಾರುಕಟ್ಟೆಯ ವರ್ಷದ ಸರಾಸರಿ ಅದಕ್ಕಿಂತ ಕಡಿಮೆಯಾದರೆ ವ್ಯತ್ಯಾಸ ಕೊಡುತ್ತಾರೆ. ಬೆಲೆ ಚೆನ್ನಾಗಿದ್ದ ವರ್ಷ ಏನೂ ಇಲ್ಲ. ಇದು ಹಳೆಯದಕ್ಕಿಂತ ವಾಸಿ. ಆದರೆ ಪಾವತಿ ಈಗಲೂ ಬೇಸ್ ಎಕರೆಯ ಶೇಕಡ 85ಕ್ಕೆ, ಈಗಲೂ ಆ ಬೆಳೆ ಬೆಳೆಯಬೇಕೆಂದಿಲ್ಲ.

ಹುಲ್ಲಿನ ಮಾಲೀಕನ ಕಡೆ ಕಾನೂನು ತಿರುಗಿದ್ದು 2018ರಲ್ಲಿ. 2009ರಿಂದ 2017ರವರೆಗೆ ಒಂದು ಜಮೀನಿನ ಉಳುವ ನೆಲವೆಲ್ಲ ಹುಲ್ಲಾಗಿ ಅಥವಾ ಬೀಳಾಗಿ ಇದ್ದಿದ್ದರೆ ಅದರ ಬೇಸ್‌ಗೆ ಪಾವತಿ ಇಲ್ಲ ಎಂದರು. ಬದಲಿಗೆ ಹುಲ್ಲುಗಾವಲು ಉಳಿಸಿಕೊಂಡರೆ ಎಕರೆಗೆ ವರ್ಷಕ್ಕೆ 18 ಡಾಲರ್‌ನಂತೆ ಐದು ವರ್ಷದ ಒಂದು ಯೋಜನೆ ಕೊಟ್ಟರು. ಆದರೆ ಷರತ್ತು ಇಡೀ ಜಮೀನಿಗೆ. ಆ ಒಂಬತ್ತು ವರ್ಷಗಳಲ್ಲಿ ಯಾವಾಗಲಾದರೂ ಒಂದು ಮೂಲೆಯಲ್ಲಿ ಬೆಳೆ ಹಾಕಿದ್ದರೆ ಬಚಾವ್. 1996ರಲ್ಲಿ ತೆರೆದ ಬಾಗಿಲು, ಅರ್ಧ ಮುಚ್ಚಲು 22 ವರ್ಷ.

ನಮ್ಮ ಕಡೆಗೆ ಒಂದು ನೋಟ

ವಾರ್ಟನ್ ಬಗ್ಗೆ ಓದುವಾಗ ನನಗೆ ಪದೇಪದೇ ನೆನಪಾಗಿದ್ದು ತೆಲಂಗಾಣದ ರೈತಬಂಧು. 2018ರ ಮೇನಲ್ಲಿ ಶುರುವಾದ ಯೋಜನೆ. ಎಕರೆಗೆ ಒಂದು ಹಂಗಾಮಿಗೆ 4,000 ರೂಪಾಯಿ, ಆಮೇಲೆ 5,000. ಬೆಳೆಗೆ ಸಂಬಂಧವಿರಲಿಲ್ಲ, ಪಟ್ಟಾ ಯಾರ ಹೆಸರಲ್ಲಿತ್ತೋ ಅವರಿಗೆ. ಎಷ್ಟು ಎಕರೆ ಇದ್ದರೂ ಮಿತಿಯಿರಲಿಲ್ಲ. ಗೇಣಿಗೆ ಮಾಡುವವನು ಪಟ್ಟಿಯಲ್ಲಿರಲಿಲ್ಲ. ಅಲ್ಲಿ ಶುರುವಿನಿಂದಲೂ ನಡೆದ ಜಗಳ ಇದೇ. ಕೇಂದ್ರದ ಪಿಎಂ-ಕಿಸಾನ್ ವರ್ಷಕ್ಕೆ 6,000 ರೂಪಾಯಿ, ಎಲ್ಲರಿಗೂ ಒಂದೇ ಮೊತ್ತ. ಹಾಗಾಗಿ ದೊಡ್ಡ ಜಮೀನಿನವನಿಗೆ ಜಾಸ್ತಿ ಹೋಗುವುದಿಲ್ಲ. ಆದರೆ ಅದಕ್ಕೂ ನೆಲ ಹೆಸರಲ್ಲಿರಬೇಕು. ಕರ್ನಾಟಕದಲ್ಲಿ ಇದು ಇನ್ನೂ ಬಿಗಿ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿಯೇ ಬಹುಮಟ್ಟಿಗೆ ನಿಷೇಧ. ಹಾಗಂತ ಗೇಣಿ ನಿಂತಿದೆಯಾ? ಕೋರು, ವಾರ, ಗುತ್ತಿಗೆ ಎಲ್ಲ ಬಾಯಿಮಾತಿನಲ್ಲಿ ನಡೆಯುತ್ತಲೇ ಇವೆ. ಪಹಣಿಯಲ್ಲಿ ಹೆಸರಿಲ್ಲದವನು ಯಾವ ಪಟ್ಟಿಗೂ ಸೇರುವುದಿಲ್ಲ. ವಾರ್ಟನ್‌ನ ಗೇಣಿದಾರನ ಕೈಯಲ್ಲಿ ಕರಾರಾದರೂ ಇತ್ತು. ಒಡಿಶಾ ತನ್ನ ಕಾಲಿಯಾ ಯೋಜನೆಯಲ್ಲಿ ಪಾಲಿಗೆ ಮಾಡುವವರನ್ನೂ, ನೆಲವಿಲ್ಲದವರನ್ನೂ ಸೇರಿಸಲು ಹೊರಟಿತು. ಹೆಸರು ಹುಡುಕುವುದೇ ದೊಡ್ಡ ಕೆಲಸ, ಆದರೂ ದಿಕ್ಕು ಸರಿ ಅನ್ನಿಸುತ್ತದೆ.

ಈಗಿನ ಸ್ಥಿತಿ

2025ರ ಜುಲೈ 4ರಂದು ಸಹಿಯಾದ ದೊಡ್ಡ ಬಜೆಟ್ ಕಾನೂನು ಈ ಕಥೆಗೆ ಇನ್ನೊಂದು ಪುಟ ಸೇರಿಸಿತು. ಭತ್ತದ ಆಧಾರ ಬೆಲೆ 14 ಡಾಲರ್‌ನಿಂದ 16.90ಕ್ಕೆ ಏರಿತು. ಒಬ್ಬರಿಗಿರುವ ಮಿತಿ 1.25 ಲಕ್ಷ ಡಾಲರ್‌ನಿಂದ 1.55 ಲಕ್ಷಕ್ಕೆ ಹೋಯಿತು. ದೇಶದಾದ್ಯಂತ ಹೆಚ್ಚೆಂದರೆ 3 ಕೋಟಿ ಹೊಸ ಬೇಸ್ ಎಕರೆ ಸೇರಿಸಲು ದಾರಿ ಮಾಡಿದರು. ಹಿಂದೆ ಬೇಸ್ ಇಲ್ಲದೆ ಬೆಳೆಯುತ್ತಿದ್ದವರಿಗೆ ಇದರಿಂದ ನ್ಯಾಯ ಸಿಗುತ್ತದೆ ಎನ್ನುವುದು ಸಮರ್ಥನೆ. ಅದರಲ್ಲಿ ಸತ್ಯವಿದೆ. ಹಾಗೆಂದು ಬೆಳೆಯದೆ ಬೇಸ್ ಇಟ್ಟುಕೊಂಡವರಿಂದ ಅದನ್ನು ವಾಪಸ್ ಪಡೆಯಲಿಲ್ಲ. ಹಳೆಯದು ಹಳೆಯವರಿಗೆ, ಹೊಸಬರಿಗೆ ಹೊಸದು. ಖಜಾನೆಗೆ ಎರಡೂ.

ಈ ಪದ್ಧತಿಯಲ್ಲಿ ಒಂದು ಬೆಳೆ ವರ್ಷದ ದುಡ್ಡು ಬರುವುದು ಮರುವರ್ಷದ ಅಕ್ಟೋಬರ್ ಸುಮಾರಿಗೆ, ಮಾರುಕಟ್ಟೆ ವರ್ಷ ಮುಗಿದು ಸರಾಸರಿ ಬೆಲೆ ಗೊತ್ತಾದ ಮೇಲೆ. 2025ರ ಬೆಳೆಯದ್ದು 2026ರ ಅಕ್ಟೋಬರ್‌ಗೆ. ವಾರ್ಟನ್‌ನಲ್ಲಿ ಅಷ್ಟು ಹೊತ್ತಿಗೆ ಮುಂದಿನ ವರ್ಷದ ಗೇಣಿಯ ಮಾತುಕತೆ ನಡೆಯುತ್ತಿರುತ್ತದೆ. ಆಧಾರ ಬೆಲೆ ಏರಿದೆ ಎನ್ನುವುದು ಮಾಲೀಕನಿಗೂ ಗೊತ್ತಿರುತ್ತದೆ.